ಚೀನಾ ಕತೆಯ ಇಂಗ್ಲಿಷಮ್ಮ

ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರೊಬ್ಬ ನಮ್ಮ ಶಾಲೆಯ ಗೇಟಿನ ಮುಂದೆ ಬಸ್ಸು ನಿಲ್ಲಿಸಿ ಒಳಗೆ ಓಡಿ ಬಂದ. ನಾನು ಏಳನೇ ತರಗತಿಗೆ ಸಂಧಿ ಹೇಳಿಕೊಡುತ್ತಿದ್ದೆ. ಬಾಗಿಲಲ್ಲಿ ನಿಂತು, "ಕನ್ನಡ ಟೀಚರು ನೀವೇನಾ ಅಮ್ಮ?" ಎಂದ. ಹೌದೆಂದೆ.

"ನಮ್ಮ ಇಂಗ್ಲಿಷ್ ಟೀಚರಮ್ಮ ಬೆಳಗ್ಗೆ ಹೋಗ್ಬುಟ್ರು. ಹಿಂದೂಪುರದಾಗೆ ನಿಮಗೊಂದ್ ಮಾತು ತಿಳ್ಸು ಅಂತ ಅವ್ರ ಪಕ್ಕದ ಮನೆಯೋರು ಹೇಳಿ ಕಳ್ಸಿದ್ರು."

ನಾನು ಮೇಜು ಹಿಡಿದುಕೊಂಡು ನಿಂತೆ. ಅವನು ಹೊರಡಲಿಲ್ಲ. ಟಿಕೆಟ್ ಚೀಲವನ್ನು ಎದೆಗೆ ಒತ್ತಿ ಹಿಡಿದು, "ನಾನೂ ಅವ್ರ ಹತ್ರ ಓದ್ದೋನೇ ಕಣಮ್ಮ. ನಂಗೆ ಇಂಗ್ಲಿಷ್ ಬರ್ನಿಲ್ಲ. ಆದ್ರೆ ಆ ಚೀನಾ ಕತೆ ಐತಲ್ಲ, ಅದನ್ನ ಇವತ್ತೂ ಮೊದ್ಲಿಂದ ಕೊನೆಗಂಟ ಇಂಗ್ಲಿಷಾಗೇ ಹೇಳ್ತೀನಿ" ಎಂದ. ತಾನು ಹೇಳಿದ್ದರಲ್ಲಿ ಏನೋ ಹೊಂದಿಕೆಯಾಗುತ್ತಿಲ್ಲ ಎಂದು ಅವನಿಗೆ ಅನ್ನಿಸಲೇ ಇಲ್ಲ. ಹೊರಗೆ ಡ್ರೈವರ್ ಹಾರ್ನ್ ಒತ್ತಿದ. ಕಂಡಕ್ಟರು ಕಣ್ಣೊರೆಸಿಕೊಂಡು ಓಡಿದ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಯಾರಾದರೂ ಸಭೆಯಲ್ಲಿ ಹೆಸರು ಹಿಡಿದು ಹೊಗಳಿದರೆ, ಕಹಿ ಕಡಲೆಕಾಯಿ ಬಾಯಿಗೆ ಸಿಕ್ಕಿದವರಂತೆ ಮುಖ ಮಾಡುತ್ತಿದ್ದರು. ನಮ್ಮಮ್ಮ ಅವರನ್ನು ಇಂಗ್ಲಿಷಮ್ಮ ಎಂದು ಕರೆಯುತ್ತಿದ್ದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವರಾದ್ದರಿಂದ ನನಗೆ ಅವರು ಅಕ್ಕ.

ಎಪ್ಪತ್ತರ ದಶಕದ ನಡುವೆ ಅವರು ಹಿಂದೂಪುರದ ನಮ್ಮ ಶಾಲೆಗೆ ಬಂದಾಗ ನಾನು ಅಲ್ಲಿ ಕನ್ನಡ ಟೀಚರ್ ಆಗಿ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನಮ್ಮದು ನೇಕಾರರ ಮನೆ. ನಡುಮನೆಯ ತುಂಬ ಅಪ್ಪನ ಮಗ್ಗಗಳು, ಬೀದಿಯ ಕಡೆಗೆ ಒಂದು ಚಿಕ್ಕ ಕೋಣೆ. ಆ ಕೋಣೆಯನ್ನು ಅವರಿಗೆ ಬಾಡಿಗೆಗೆ ಕೊಟ್ಟೆವು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅರ್ಧ ಮೂಟೆ ಕಡಲೆಕಾಯಿ ಇಳಿಸಿಕೊಂಡು ಬಂದರು. ಪರಿಗಿಯ ಕಡೆಯ ಹಳ್ಳಿಯವರು, ಒಕ್ಕಲು ಮನೆತನ. ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸಿದ್ದ ಗಂಟಲು ಅದು. ಆರನೇ ತರಗತಿಯಲ್ಲಿ ಅವರು "ಸಿಟ್ ಡೌನ್" ಎಂದರೆ ಎಂಟನೇ ತರಗತಿಯ ಮಕ್ಕಳೂ ಕೂತುಬಿಡುತ್ತಿದ್ದರು.

ಸೀಮೆಸುಣ್ಣವನ್ನು ತುರುಬಿಗೆ ಸಿಕ್ಕಿಸಿಕೊಳ್ಳುವುದು ಅವರ ಅಭ್ಯಾಸ. ಸಂಜೆ ಸಂತೆಗೆ ಹೋದಾಗಲೂ ಅದು ಅಲ್ಲೇ ಇರುತ್ತಿತ್ತು. ಅಡಿಗೆ ಅವರಿಗೆ ಒಲಿಯಲಿಲ್ಲ. ಮುದ್ದೆ ತಿರುವಿದರೆ ಗಂಟು, ಸಾರು ಮಾಡಿದರೆ ನೀರು. "ನಿನ್ನ ಅಡಿಗೇನ ಬೆಕ್ಕೂ ಮೂಸಾಕಿಲ್ಲ ಬುಡು" ಎಂದು ಬೈಯುತ್ತಲೇ ಅಮ್ಮ ದಿನವೂ ಒಂದು ಬಟ್ಟಲು ಹುಳಿ ಕೊಡುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಅಮ್ಮ ಒಮ್ಮೆ ಕೇಳಿಯೇಬಿಟ್ಟಳು. ಅಕ್ಕ ಕಡಲೆಕಾಯಿ ಸುಲಿಯುತ್ತ, "ಒಬ್ರು ನೋಡಾಕ್ ಬಂದಿದ್ರಮ್ಮ. ಹುಡ್ಗಿ ಇಂಗ್ಲಿಷ್ ಓದವ್ಳಂತೆ, ಏನಾರ ಮಾತಾಡ್ಲಿ ಅಂದ್ರು. ನಾನು ಮಾತಾಡ್ದೆ. ಅವ್ರು ಕಾಫಿ ಪೂರ್ತಿ ಕುಡೀದಂಗೆ ಎದ್ದೋದ್ರು" ಎಂದರು. ಅಮ್ಮ ನಕ್ಕು ನಕ್ಕು ರಾಟೆ ನಿಲ್ಲಿಸಬೇಕಾಯಿತು.

ಆ ಕಾಲಕ್ಕೆ ಮಕ್ಕಳಿಗೆ ಇಂಗ್ಲಿಷ್ ಶುರುವಾಗುತ್ತಿದ್ದುದೇ ಆರನೇ ತರಗತಿಯಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಎರಡೂ ನೀರು ಕುಡಿದಂತೆ ಬರುತ್ತಿದ್ದ ಮಕ್ಕಳು ಮೂರನೆಯದರ ಮುಂದೆ ಮೂಕರಾಗಿ ಕೂರುತ್ತಿದ್ದರು. ಮೊದಲ ಪಾಠ 'ದಿಸ್ ಈಸ್ ಎ ಪೆನ್'. ಅಕ್ಕ ಒಂದು ದಿನ ಪೆನ್ನಿನ ಬದಲು ಡಸ್ಟರ್ ಎತ್ತಿ ಹಿಡಿದು ನೋಡಿದರು. ಇಡೀ ತರಗತಿ ಒಂದೇ ದನಿಯಲ್ಲಿ "ದಿಸ್ ಈಸ್ ಎ ಪೆನ್" ಎಂದು ಕೂಗಿತು. ಛತ್ರಿ ಎತ್ತಿ ತೋರಿಸಿದರು. ಅದೂ ಪೆನ್ನೇ.

ಮನೆಗೆ ಬಂದ ಅಕ್ಕ ಅಪ್ಪನ ಮಗ್ಗದ ಪಕ್ಕ ಕುಸಿದು ಕೂತು ನನಗೆ ಹೇಳಿದರು: "ಆ ಮಕ್ಳಿಗೆ ಅದು ಮಾತು ಅಂತ್ಲೇ ಗೊತ್ತಿಲ್ಲ ಕಣಮ್ಮ. ಮಂತ್ರ ಅನ್ಕೊಂಡವ್ರೆ. ಮಾತು ಅಂದ್ಮೇಲೆ, ಮುಂದೇನಾಯ್ತು ಅಂತ ಕೇಳೋ ಆಸೆ ಹುಟ್ಬೇಕಲ್ವಾ?"

ಅಂದು ಸಂಜೆ ಟ್ರಂಕಿನ ತಳದಿಂದ ಒಂದು ಚಿತ್ರದ ಪುಸ್ತಕ ತೆಗೆದರು. ಅನಂತಪುರದಲ್ಲಿ ಟ್ರೈನಿಂಗ್ ಮಾಡುವಾಗ ಹಳೇ ಪೇಪರ್ ಅಂಗಡಿಯಲ್ಲಿ ಸಿಕ್ಕಿದ್ದು. ರಟ್ಟು ಹರಿದುಹೋಗಿತ್ತು. ಚೀನಾದ ಜನಪದ ಕತೆಯೊಂದನ್ನು ಸುಲಭದ ಇಂಗ್ಲಿಷಿನಲ್ಲಿ ಹೇಳಿದ್ದರು. ಒಬ್ಬಳು ತಾಯಿ, ಮೂವರು ಗಂಡುಮಕ್ಕಳು. ತಾಯಿ ತನ್ನ ಕನಸಿನಲ್ಲಿ ಕಂಡ ಊರನ್ನೆಲ್ಲ, ಮನೆ, ತೋಟ, ಹೊಳೆ, ಹಕ್ಕಿ ಸಮೇತ, ಒಂದು ಬಟ್ಟೆಯಲ್ಲಿ ನೇಯುತ್ತಾಳೆ. ನೇಯ್ದು ಮುಗಿಸಿದ ದಿನವೇ ಗಾಳಿ ಬಂದು ಆ ಬಟ್ಟೆಯನ್ನು ಹಾರಿಸಿಕೊಂಡು ಹೋಗುತ್ತದೆ. ತಾಯಿ ಹಾಸಿಗೆ ಹಿಡಿಯುತ್ತಾಳೆ. ಹಿರಿಯ ಮಗ ಹುಡುಕಲು ಹೋಗುತ್ತಾನೆ, ಚಿನ್ನದ ಆಸೆಗೆ ಬಿದ್ದು ಮರಳುವುದಿಲ್ಲ. ನಡುವಿನವನದೂ ಅದೇ ಕತೆ. ಕೊನೆಯವನು ಬೆಂಕಿಯ ಬೆಟ್ಟ ಹತ್ತಿ, ಹಿಮದ ಸಮುದ್ರ ದಾಟಿ, ಬಟ್ಟೆಯನ್ನು ತಂದು ತಾಯಿಗೆ ಹೊದಿಸುತ್ತಾನೆ.

ಅಕ್ಕ ಇದನ್ನು ದಿನಕ್ಕೆ ಎರಡು ಮೂರು ವಾಕ್ಯದಂತೆ ಬಿಚ್ಚತೊಡಗಿದರು. ಮಾತಿಗೊಂದು ನಡೆ ಇರಲೇಬೇಕು. 'ಗೋ' ಎಂದರೆ ಎದ್ದು ನಡೆಯಬೇಕು, 'ವೆಂಟ್' ಎನ್ನುವಾಗ ಆಗಲೇ ಬಾಗಿಲಲ್ಲಿ ಇರಬೇಕು. ಬೆಂಚುಗಳೇ ಬೆಟ್ಟ. ಮೊದಲ ವಾಕ್ಯದಲ್ಲೇ ತಾಯಿ ನೇಯುತ್ತಾಳಲ್ಲ, ಅದಕ್ಕೆ ಒಂದು ಶನಿವಾರ ಇಡೀ ತರಗತಿಯನ್ನು ನಮ್ಮ ಮನೆಗೇ ಕರೆತಂದರು. ಅಪ್ಪನಿಗೆ ಮುಜುಗರ, ಮಕ್ಕಳಿಗೆ ನೂಕಾಟ. ಅಪ್ಪ ಲಾಳಿ ಎಸೆದಂತೆಲ್ಲ ಅಕ್ಕ ತಾಳ ಹಾಕಿದಂತೆ "ವೀವ್, ವೋವ್, ವೋವನ್" ಎನ್ನಿಸಿದರು. ಮಕ್ಕಳು ಹೋದ ಮೇಲೂ ಅಪ್ಪ ಬಿಡಲಿಲ್ಲ. ಎಷ್ಟೋ ದಿನ ಮಗ್ಗದ ಗುಂಡಿಯೊಳಗಿಂದ ಅವನ ಗೊಣಗು ಕೇಳುತ್ತಿತ್ತು: "ವೀವ್, ವೋವ್, ವೋವನ್". "ಏನ್ ಜಪ ಅದು?" ಎಂದು ಅಮ್ಮ ರೇಗಿದರೆ, "ಕೈಗೆ ಚೆನ್ನಾಗಿ ಕೂತ್ಕೊಂತದೆ ಕಣೇ" ಎನ್ನುತ್ತಿದ್ದ.

ಮಕ್ಕಳಲ್ಲಿ ಏನೋ ಬದಲಾಯಿತು. ಕತೆ ಮುಂದೆ ಹೋಗಬೇಕಾದರೆ ಇಂಗ್ಲಿಷಿನಲ್ಲೇ ಕೇಳಬೇಕು ಎಂದು ಅಕ್ಕ ಕಟ್ಟಳೆ ಮಾಡಿದ್ದರು. ಬೆಲ್ ಹೊಡೆದರೂ ಮಕ್ಕಳು ಅವರ ಸೆರಗು ಹಿಡಿದು "ವಾಟ್ ನೆಕ್ಸ್ಟ್ ಟೀಚರ್, ವಾಟ್ ನೆಕ್ಸ್ಟ್" ಎಂದು ವರಾಂಡದುದ್ದಕ್ಕೂ ಹಿಂಬಾಲಿಸುತ್ತಿದ್ದರು. ಕೊನೆಯ ಮಗ ಮನೆ ಬಿಡುವಾಗ ಹೇಳುವ ಮಾತು ಎಲ್ಲರ ಬಾಯಲ್ಲೂ ಕೂತಿತು: "ಐ ವಿಲ್ ಬ್ರಿಂಗ್ ಮೈ ಮದರ್ಸ್ ಕ್ಲಾತ್ ಹೋಮ್." ಆಟದ ಬಯಲಲ್ಲಿ ಓಟದ ಗೆರೆಯ ಮೇಲೆ ನಿಂತಾಗಲೂ ಅದನ್ನೇ ಕೂಗಿ ಓಡುತ್ತಿದ್ದರು.

ಅದನ್ನು ಕೇಳಿಯೇ ನಮ್ಮ ಡ್ರಿಲ್ ಮೇಷ್ಟ್ರು ವಿಚಾರಿಸಿದ್ದು. ಎತ್ತರದ ಆಳು, ಹೆಚ್ಚು ಮಾತಿಲ್ಲ. ಮಕ್ಕಳಿಗೆ ಅವರ ಸೀಟಿಯ ಭಯ, ಆದರೆ ಬಿದ್ದು ಮಂಡಿ ತರಚಿಕೊಂಡವನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡುತ್ತಿದ್ದವರೂ ಅವರೇ. "ಯಾವ್ದ್ಲಾ ಅದು, ಏನ್ ಕೂಗ್ತಿದೀರ?" ಎಂದು ಕೇಳಿದರಂತೆ. "ಚೀನಾ ಕತೆ ಸಾರ್" ಎಂದು ಮಕ್ಕಳು ಹೆಮ್ಮೆಯಿಂದ ಹೇಳಿದವು.

ನಾವು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಅವರು ಒಳಗೆ ಬಂದು ಅಕ್ಕನ ಎದುರು ನಿಂತರು. ಮುಖ ಕೆಂಪಾಗಿತ್ತು.

"ಏನಮ್ಮಾ, ಚೀನಾದೋರ ಕತೆ ಹೇಳ್ಕೊಡ್ತಿದೀಯಂತೆ?"

"ಹೂಂ ಸಾರ್, ಮಕ್ಳಿಗೆ..."

"ನಮ್ಮಣ್ಣನ್ನ ತಿಂದೋರು ಅವ್ರು. ಹಿಮದಾಗೆ ಎಲ್ ಬಿದ್ದವ್ನೋ, ಒಂದ್ ಮೂಳೇನೂ ಮನೆಗೆ ಬರ್ನಿಲ್ಲ. ಒಂದ್ ತಂತಿ ಬಂತು, ಅಷ್ಟೇ. ಅವ್ರ ಕತೇನ ನೀನು ನಮ್ ಮಕ್ಳ ಬಾಯಾಗೆ ಕೂಗಿಸ್ತೀಯಾ?"

ಅವರ ಅಣ್ಣ ಚೀನಾ ಯುದ್ಧದಲ್ಲಿ ಹೋದದ್ದು ಹಳಬರಿಗೆಲ್ಲ ಗೊತ್ತಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ನನಗೂ ಹೇಳಬೇಕೆಂದು ಹೊಳೆದಿರಲಿಲ್ಲ. ಹೆಡ್ಮಾಸ್ಟರು ಮೆತ್ತನೆಯ ಮನುಷ್ಯ. ಎರಡೂ ಕೈ ಮೇಲೆತ್ತಿ, "ಪೋನೀ ಬುಡಮ್ಮ, ಟೆಕ್ಸ್ಟ್ ಬುಕ್ಕಾಗೆ ಏನೈತೋ ಅದನ್ ಹೇಳ್ಕೊಡು, ಸಾಕು" ಎಂದರು.

ಅಕ್ಕ ಜಗಳಗಂಟಿಯೇ. ತಾನು ಆಡುವ ವಾಕ್ಯವನ್ನು ಬೇರೆಯವರು ಪೂರ್ತಿ ಮಾಡಿದರೆ ಅಷ್ಟಕ್ಕೇ ರೇಗುತ್ತಿದ್ದವರು. ಅವತ್ತು ಡಬ್ಬಿ ಮುಚ್ಚಿಟ್ಟು ತರಗತಿಗೆ ಹೋಗಿ 'ದಿಸ್ ಈಸ್ ಎ ಪೆನ್' ತೆಗೆದರು. ಕತೆಯ ಕೊನೆಯ ಮಗ ಆಗಿನ್ನೂ ಹಿಮದ ಸಮುದ್ರದ ನಡುವೆ ಇದ್ದ. ಮಕ್ಕಳು "ವಾಟ್ ನೆಕ್ಸ್ಟ್" ಎಂದು ಕೇಳಿದರೆ ಅವರು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.

ಮನೆಯ ಮೆಟ್ಟಿಲ ಮೇಲೆ ಕೂತಾಗ ನಾನೇ ಅವರ ಪರವಾಗಿ ಸಿಡಿದೆ. ಕತೆ ಏನು ಬಂದೂಕು ಹಿಡಿದಿತ್ತೇ ಎಂದೆ.

"ಅಂಗನ್ಬೇಡ. ಅವ್ರದ್ರಾಗೆ ತಪ್ಪಿಲ್ಲ ಕಣಮ್ಮ," ಎಂದರು ಅಕ್ಕ. "ನಾನು ನಗ್ನಗ್ತಾ ಮಕ್ಳ ಕೈಲಿ ಹಿಮ ಹಿಮ ಅಂತ ಕೂಗಿಸ್ತಿದ್ದೆ. ಅವ್ರು ಬಯಲಾಗೆ ನಿಂತ್ಕೊಂಡು ಅದನ್ ಕೇಳ್ತಿದ್ರು. ಎಂಗಾಗಿರ್ಬೇಕು ಹೇಳು."

ಭಾನುವಾರ ಸೆರಗಿನಲ್ಲಿ ಒಂದಿಷ್ಟು ಕಡಲೆಕಾಯಿ ಕಟ್ಟಿಕೊಂಡು, "ಅವ್ರ ಮನೆಗೆ ಹೋಯ್ತೀನಿ, ನೀನೂ ಬಾ" ಎಂದರು. ಕ್ಷಮೆ ಕೇಳಿ ಬರುವುದಷ್ಟೇ ಅವರ ಉದ್ದೇಶ.

ಡ್ರಿಲ್ ಮೇಷ್ಟ್ರು ಮನೆಯಲ್ಲಿರಲಿಲ್ಲ. ಅವರ ತಾಯಿ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಮಂಜಾಗಿತ್ತು. ಇಬ್ಬರು ಟೀಚರುಗಳು ಬಂದಿದ್ದೇವೆಂದು ತಿಳಿದು ಸಂತೋಷಪಟ್ಟರು. ಅಕ್ಕ ಕಡಲೆಕಾಯಿಯನ್ನು ಅವರ ಮಡಿಲಿಗೆ ಹಾಕಿ, ತಾವೇ ಸುಲಿದು ಕೊಡಲು ಕೂತರು.

"ನೀನೇನ್ ಹೇಳ್ಕೊಡ್ತೀಯವ್ವಾ ಮಕ್ಳಿಗೆ?"

"ಇಂಗ್ಲಿಷ್ ಅವ್ವ. ಕತೆ ಹೇಳಿ ಕಲಿಸ್ತಿದ್ದೆ."

"ಕತೇನಾ? ನಂಗೂ ಒಂದ್ ಹೇಳು. ಮನೇಲಿ ಮಾತಾಡೋರೇ ಇಲ್ಲ. ನನ್ ಮಗ ಬಾಯಿ ಬಿಟ್ರೆ ಸೀಟಿ, ಅಷ್ಟೇ."

ಅಕ್ಕ ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಅವರು ಒಂದು ಕ್ಷಣ ಕಡಲೆಕಾಯಿ ಸಿಪ್ಪೆಯನ್ನೇ ನೋಡುತ್ತ ಕೂತಿದ್ದು, ಆಮೇಲೆ ತೆಲುಗು ಬೆರೆತ ತಮ್ಮ ಕನ್ನಡದಲ್ಲಿ ಶುರುಮಾಡಿದರು. ಒಂದೂರಾಗೆ ಒಬ್ಬ ತಾಯಿ. ಬಟ್ಟೆ ನೇಯೋಳು. ಮೂರು ಜನ ಗಂಡುಮಕ್ಳು. ಅಜ್ಜಿ ನಡುನಡುವೆ ವಿಚಾರಿಸುತ್ತಿದ್ದರು. ಆ ತಾಯಿ ಏನುಣ್ಣುತ್ತಿದ್ದಳು ಎಂದರು. ಅನ್ನ ಅವ್ವ, ಎಂದರು ಅಕ್ಕ. "ಬರೀ ಅನ್ನಾನಾ? ಮುದ್ದೆ ಇಲ್ವಾ? ಪಾಪ" ಎಂದು ಅಜ್ಜಿ ನಿಟ್ಟುಸಿರು ಬಿಟ್ಟರು. ಬಟ್ಟೆ ಹಾರಿಹೋಯಿತು. ಹಿರಿಯ ಮಗ ಹೊರಟ. ಇಲ್ಲಿ ಅಕ್ಕ ತಡೆದರು. ಮುಂದೆ ಚಿನ್ನದ ಮಾತು ಬರಬೇಕಿತ್ತು. ಅದು ಬರಲಿಲ್ಲ.

"ದಾರೀಲಿ ಎಲ್ಲೋ ಉಳ್ಕೊಂಡ" ಎಂದಷ್ಟೇ ಹೇಳಿದರು. "ನಡುವಿನವ್ನೂ ಹೋದ. ಅವ್ನೂ ಉಳ್ಕೊಂಡ."

ಅಜ್ಜಿಯ ಕೈ ಕಡಲೆಕಾಯಿಯ ಮೇಲೆ ನಿಂತಿತು. ಅಕ್ಕ ಮುಂದುವರಿಸದೆ, "ಅವ್ವ, ನಿಮ್ಗೊಂದ್ ಮಾತು ಹೇಳ್ಬೇಕು. ಇದು ನಮ್ ಕತೆ ಅಲ್ಲ. ಚೀನಾದೋರ ಕತೆ. ಬೇಡ ಅಂದ್ರೆ ಇಲ್ಲಿಗೆ ನಿಲ್ಲಿಸ್ತೀನಿ" ಎಂದರು.

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ನನಗೆ ಎದ್ದು ಓಡಿಹೋಗಬೇಕೆನ್ನಿಸುತ್ತಿತ್ತು.

"ಅಲ್ಲೂ ತಾಯಂದ್ರು ಇಂಗೇ ಕಾಯ್ತಾರಾ?" ಎಂದರು ಅಜ್ಜಿ.

"ಕತೇಲಿ ಅಂಗೇ ಐತೆ ಅವ್ವ."

"ಮುಂದಕ್ ಹೇಳು. ಕಿರಿಯೋನೂ ಹೋದ್ನಾ? ಬಂದ್ನಾ?"

ಅಕ್ಕ ಅಷ್ಟು ಕಷ್ಟಪಟ್ಟು ಮಾತು ಹೊರತಂದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಬೆಂಕಿಯ ಬೆಟ್ಟ ಹೇಳಿದರು. ಹಿಮದ ಸಮುದ್ರವನ್ನು ಒಂದೇ ಮಾತಿನಲ್ಲಿ ದಾಟಿಸಿಬಿಟ್ಟರು. ಕೊನೆಗೆ, "ಬಂದ ಅವ್ವ. ಬಟ್ಟೆ ತಂದು ಅವರಮ್ಮನಿಗೆ ಹೊದಿಸ್ದ" ಎಂದರು.

ಅಜ್ಜಿಯ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಆದರೆ ಮುಖ ನಗುತ್ತಿತ್ತು. "ಬಂದ್ನಾ! ಒಳ್ಳೇದಾಯ್ತು ಬುಡವ್ವಾ. ಒಬ್ಬಳ್ ಮಗನಾದ್ರೂ ಮನೆಗ್ ಬಂದ್ನಲ್ಲ" ಎಂದರು.

ಹಿಂದೆ ಯಾರೋ ಕೆಮ್ಮಿದಂತಾಯಿತು. ಡ್ರಿಲ್ ಮೇಷ್ಟ್ರು ಹೊಸಲಿನಾಚೆ ಚಪ್ಪಲಿ ಕಳಚದೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಅಕ್ಕ ಎದ್ದು ಕೈಮುಗಿದರು. ಮೇಷ್ಟ್ರು ಒಳಗೆ ಹೋಗಿ ಎರಡು ಲೋಟ ನೀರು ತಂದು ನಮ್ಮ ಮುಂದಿಟ್ಟರು.

ಮಾರನೆಯ ದಿನ ಆರನೇ ತರಗತಿಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, "ಆ ಕತೆ ಮುಗ್ಸಿಬುಡಮ್ಮ. ಮಕ್ಳು ಡ್ರಿಲ್ಲಾಗೂ ಅದನ್ನೇ ಕೇಳ್ತವೆ" ಎಂದು ಹೇಳಿ ಹೋದರು. ಮಕ್ಕಳ ಕೇಕೆ ನನ್ನ ತರಗತಿಯವರೆಗೂ ಕೇಳಿಸಿತು. ಹಾಗೆಂದು ಅವರು ಕರಗಿ ನೀರಾದರು ಎಂದಲ್ಲ. ಅಕ್ಕನ ಪೀರಿಯಡ್ ಬಂದರೆ ಬಯಲಿನ ಆ ತುದಿಯ ಬೇವಿನ ಮರದವರೆಗೆ ನಡೆದು ಹೋಗಿ ಅಲ್ಲಿ ಬೆನ್ನು ಮಾಡಿ ನಿಲ್ಲುತ್ತಿದ್ದರು. ಬೆಲ್ ಹೊಡೆದ ಮೇಲೆ ಮರಳುತ್ತಿದ್ದರು. ಅಕ್ಕ ಅದನ್ನು ನೋಡಿ ಕಿಟಕಿಯ ಬಾಗಿಲು ಮುಚ್ಚಿಕೊಂಡು ಪಾಠ ಮಾಡತೊಡಗಿದರು.

ಅಜ್ಜಿಗೆ ಮಾತ್ರ ಕತೆಯ ರುಚಿ ಹತ್ತಿತು. ಅಕ್ಕ ಆಗಾಗ ಹೋಗಿ ಹೇಳಬೇಕಿತ್ತು. ಹೇಳಿದಂತೆಲ್ಲ ಅಜ್ಜಿ ಅದನ್ನು ತಿದ್ದುತ್ತ ಹೋದರು. ಸ್ವಲ್ಪ ದಿನಕ್ಕೆ ಆ ಚೀನಾ ತಾಯಿ ಮುದ್ದೆ ಉಣ್ಣತೊಡಗಿದಳು. ಬೆಂಕಿಯ ಬೆಟ್ಟಕ್ಕೆ ಹೊರಟ ಮಗನಿಗೆ ಬುತ್ತಿ ಕಟ್ಟಿದಳು, ಹುಣಸೆ ತೊಕ್ಕಿನ ಜೊತೆ. ಅಕ್ಕ ಆ ಬುತ್ತಿಯನ್ನು ಹಾಗೇ ತಂದು ತರಗತಿಯ ಇಂಗ್ಲಿಷಿಗೂ ಸೇರಿಸಿಕೊಂಡರು. ಹಿರಿಯ ಮಕ್ಕಳ ಚಿನ್ನದ ಆಸೆಯ ಮಾತು ಮಾತ್ರ ಅವರ ಬಾಯಲ್ಲಿ ಮತ್ತೆಂದೂ ಬರಲಿಲ್ಲ. ಮಕ್ಕಳಿಗೂ 'ದೇ ಡಿಡ್ ನಾಟ್ ಕಮ್ ಬ್ಯಾಕ್' ಅಷ್ಟೇ.

ಎಂಬತ್ತರ ದಶಕದ ಮೊದಲಲ್ಲಿ ಅವರಿಗೆ ಕಲ್ಯಾಣದುರ್ಗಕ್ಕೆ ವರ್ಗವಾಯಿತು. ಡ್ರಿಲ್ ಮೇಷ್ಟ್ರೇ ಹೇಳಿ ಮಾಡಿಸಿದರು ಎಂದು ಕೆಲವರು ಆಡಿಕೊಂಡರು. ಅದು ಸುಳ್ಳು. ಹೊರಡುವ ದಿನ ಅಕ್ಕನ ಟ್ರಂಕನ್ನು ತಲೆಯ ಮೇಲೆ ಹೊತ್ತು ಬಸ್ಸಿನ ಏಣಿ ಹತ್ತಿ ಮೇಲೆ ಕಟ್ಟಿದವರು ಮೇಷ್ಟ್ರೇ. ಇಳಿದು ಬಂದು ಕೈ ಕೊಡವಿಕೊಂಡು, "ಅಲ್ಲಿ ಬಿಸ್ಲು ಜಾಸ್ತಿ, ಹುಷಾರು" ಎಂದರು.

ಬಿಸಿಲು ನಿಜವಾಗಿಯೂ ಜಾಸ್ತಿ. ಸುತ್ತಲೂ ಕಡಲೆಕಾಯಿ ಬೆಳೆಯುವ ಹಳ್ಳಿಗಳು. ಅಲ್ಲಿಂದ ಜೀಪಿನಲ್ಲಿ ಒಬ್ಬರ ಮೇಲೊಬ್ಬರು ಕೂತು ಬರುವ ಮಕ್ಕಳು. ಆ ಮಕ್ಕಳಿಗೆ ಮಗ್ಗ ಗೊತ್ತಿಲ್ಲ, ಹಿಮವಂತೂ ಮೊದಲೇ ಗೊತ್ತಿಲ್ಲ. ರಜೆಯಲ್ಲಿ ನಾನು ಹೋದಾಗಲೆಲ್ಲ ಅವರು ಅಲ್ಲಿಯ ಸಾಹಸಗಳನ್ನು ಹೇಳಿ ನಗಿಸುತ್ತಿದ್ದರು. ಹಿಮದ ಸಮುದ್ರ ಎಂದರೇನೆಂದು ತೋರಿಸಲು ಸೋಡಾ ಅಂಗಡಿಯಿಂದ ಹೊಟ್ಟಿನಲ್ಲಿ ಸುತ್ತಿದ ಐಸ್ ಗಡ್ಡೆಯನ್ನು ತರಿಸಿದರಂತೆ. ಪ್ರತಿಯೊಬ್ಬರೂ ಅಂಗೈಯಲ್ಲಿ ಹಿಡಿದು "ಇಟ್ ಈಸ್ ಕೋಲ್ಡ್" ಎನ್ನಬೇಕು. ಒಬ್ಬ ಪುಟ್ಟ ಹುಡುಗಿ ತನ್ನ ಪಾಲಿನ ಚೂರನ್ನು ಅಮ್ಮನಿಗೆ ತೋರಿಸಬೇಕೆಂದು ಲಂಗದ ಚುಂಗಿನಲ್ಲಿ ಕಟ್ಟಿ ಬಚ್ಚಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಲಂಗವೆಲ್ಲ ಒದ್ದೆ, ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ.

"ವೇರ್ ಈಸ್ ಯುವರ್ ಐಸ್?" ಎಂದು ಅಕ್ಕ ಕೇಳಿದರು.

"ಗಾನ್, ಟೀಚರ್" ಎಂದಳು ಹುಡುಗಿ.

"ನೋಡಮ್ಮ," ಎಂದು ಅಕ್ಕ ನನ್ನ ಮೊಣಕೈ ತಿವಿಯುತ್ತಿದ್ದರು, ಇದನ್ನು ಹೇಳಿದಾಗಲೆಲ್ಲ. "ಗೋ ಅನ್ಲಿಲ್ಲ, ವೆಂಟ್ ಅನ್ಲಿಲ್ಲ. ಅಳ್ತಾ ಅಳ್ತಾ ಗಾನ್ ಅಂದ್ಳು! ನಂಗೆ ಅವಳನ್ ಎತ್ಕೊಂಡು ಕುಣೀಬೇಕು ಅನ್ನಿಸ್ತು." ಅವಳಿಗೆ ಇನ್ನೊಂದು ಗಡ್ಡೆ ಐಸ್ ಕೊಡಿಸಿ, ಕರಗುವ ಮೊದಲು ಅಮ್ಮನಿಗೆ ತಲುಪಲೆಂದು ಜೀಪಿನವನನ್ನು ಬೈದು ಓಡಿಸಿದರಂತೆ.

ಹೀಗೇ ವರ್ಷಗಳಾದವು. ನಾನು ಹಿಂದೂಪುರದಲ್ಲೇ ಉಳಿದೆ. ಡ್ರಿಲ್ ಮೇಷ್ಟ್ರಿಗೆ ರಿಟೈರ್ ಆಯಿತು. ಅದರ ಮರುವರ್ಷ ಅಜ್ಜಿ ತೀರಿಕೊಂಡರು. ತಿಥಿ ಎಲ್ಲ ಮುಗಿದ ಮೇಲೆ ಒಂದು ಬೆಳಗ್ಗೆ ಮೇಷ್ಟ್ರು ನಮ್ಮ ಮನೆಯ ಬಾಗಿಲಿಗೆ ಬಂದರು. ತಲೆ ಪೂರ್ತಿ ನರೆತಿತ್ತು.

"ಕಲ್ಯಾಣದುರ್ಗಕ್ ಹೋಗ್ಬೇಕು ಅನ್ಕೊಂಡಿವ್ನಿ. ನೀನೂ ಬತ್ತೀಯೇನಮ್ಮ? ಒಬ್ನೇ ಹೋಗಾಕೆ ಎಂಗೋ ಆಯ್ತದೆ" ಎಂದರು.

ಶಾಲೆ ಮುಟ್ಟಿದಾಗ ಅಕ್ಕ ಆರನೇ ತರಗತಿಯಲ್ಲಿದ್ದರು. ನಮ್ಮನ್ನು ಕಂಡು ಹೊರಗೆ ಓಡಿ ಬಂದರು. ತುರುಬು ತೆಳ್ಳಗಾಗಿತ್ತು, ಸೀಮೆಸುಣ್ಣ ಅಲ್ಲೇ ಇತ್ತು. ಅಜ್ಜಿ ಹೋದ ಸುದ್ದಿ ಕೇಳಿ ವರಾಂಡದ ಕಂಬಕ್ಕೆ ಒರಗಿ ನಿಂತರು. ಅವರು ಅತ್ತದ್ದನ್ನು ನಾನು ಹೆಚ್ಚು ನೋಡಿಲ್ಲ. ಅವತ್ತು ಅತ್ತರು.

ಮೇಷ್ಟ್ರು ಟವಲಿನಿಂದ ಮುಖ ಒರೆಸಿಕೊಂಡು ಹೇಳಿದರು: "ನಮ್ಮಮ್ಮ ಕೊನೆಕೊನೆಗೆ ನಿನ್ ಕತೇನೇ ಹೇಳ್ತಿದ್ಳು. ನಂಗೇ ಹೇಳ್ತಿದ್ಳು. ಮಧ್ಯದಾಗೆ ನಿದ್ದೆ ಹೋಗ್ಬುಡ್ತಿದ್ಳು. ಅವತ್ತು ಬಾಗ್ಲಾಗೆ ನಿಂತ್ಕೊಂಡು ನಾನು ಕೊನೆದಷ್ಟೇ ಕೇಳಿದ್ದು. ಪೂರ್ತಿ ಗೊತ್ತಿಲ್ಲ. ಒಂದ್ ಸಲ ಮೊದ್ಲಿಂದ ಹೇಳ್ತೀಯೇನಮ್ಮ?"

"ಮನೆಗೆ ಹೋಗೋಣ ಸಾರ್, ಕೂತ್ಕೊಂಡು..."

"ಬ್ಯಾಡ. ಮಕ್ಳ ಜೊತೆಗೇ ಕೇಳ್ತೀನಿ."

ಅಕ್ಕ ಅವರನ್ನು ಒಳಗೆ ಕರೆದುಕೊಂಡು ಹೋಗಿ ಮೊದಲ ಬೆಂಚಿನ ತುದಿಯಲ್ಲಿ ಕೂರಿಸಿದರು. ಆ ಎತ್ತರದ ಮನುಷ್ಯನ ಮಂಡಿಗಳು ಡೆಸ್ಕಿಗೆ ತಗಲುತ್ತಿದ್ದವು. ಪಕ್ಕದ ಮಕ್ಕಳು ಮುಸಿಮುಸಿ ನಕ್ಕವು. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತೆ. "ಸಾರ್‌ಗೆ ನಮ್ಮ ಕತೆ ಗೊತ್ತಿಲ್ಲವಂತೆ, ಹೇಳೋಣವಾ?" ಎಂದು ಅಕ್ಕ ತೆಲುಗಿನಲ್ಲಿ ಕೇಳಿದರು. ಆ ವರ್ಷದ ಮಕ್ಕಳು ಆಗಲೇ ಕತೆ ಮುಗಿಸಿದ್ದವು. ತರಗತಿಯೇ ಎದ್ದು ನಿಂತಿತು. ಒಬ್ಬಳು ತಾಯಿಯಾದಳು. ಮೂವರು ಮಕ್ಕಳಾದರು. ಉಳಿದವರು ಗಾಳಿ, ಬೆಟ್ಟ, ಸಮುದ್ರ. ಇಂಗ್ಲಿಷ್ ವಾಕ್ಯ ಮೇಷ್ಟ್ರಿಗೆ ತಿಳಿಯದಿದ್ದರೆ ಪಕ್ಕದವನು ಅವರ ಕಿವಿಯಲ್ಲಿ ತೆಲುಗಿನಲ್ಲಿ ಹೇಳುತ್ತಿದ್ದ. ಹಿರಿಯ ಮಗನಾದವನು ಬಾಗಿಲಾಚೆ ಹೋಗಿ ವರಾಂಡದಲ್ಲಿ ನಿಂತ. ನಡುವಿನವನೂ ಹೋಗಿ ಅವನ ಪಕ್ಕ ನಿಂತ. ಕೊನೆಯವನು ಬುತ್ತಿ ಹಿಡಿದು ಬೆಂಚು ಹತ್ತಿ ಇಳಿದು, ಸಮುದ್ರವಾದ ಹುಡುಗಿಯರ ಕೈಗಳ ಕೆಳಗೆ ನುಸುಳಿ, ಬಟ್ಟೆ ತಂದು ತಾಯಿಗೆ ಹೊದಿಸಿದ. ಬಟ್ಟೆ ಎಂದರೆ ಅಕ್ಕನ ಹಳೆಯದೊಂದು ಸೀರೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೇಷ್ಟ್ರು ತಟ್ಟಲಿಲ್ಲ. ಅವರು ಬಾಗಿಲ ಕಡೆ ನೋಡುತ್ತಿದ್ದರು. ಮೊದಲು ಹೊರಟ ಇಬ್ಬರೂ ಇನ್ನೂ ವರಾಂಡದಲ್ಲೇ ನಿಂತಿದ್ದರು.

"ಅವ್ರಿಬ್ರು?" ಎಂದರು. "ಮೊದ್ಲು ಹೋದೋರು. ಅವ್ರು ಬರಲ್ವಾ?"

ಅಕ್ಕ ವರಾಂಡದ ಕಡೆ ನೋಡಿದರು. "ಕತೇಲಿ ಇಲ್ಲ ಸಾರ್..." ಎಂದು ಮೆಲ್ಲಗೆ ಶುರುಮಾಡಿದರು.

ಅಷ್ಟರಲ್ಲಿ ತಾಯಿಯಾಗಿದ್ದ ಹುಡುಗಿ, ಸೀರೆಯನ್ನು ಹೊದ್ದುಕೊಂಡೇ, "ವಸ್ತಾ ಉಂಡಾರು ಸಾರ್" ಎಂದಳು. ಬರ್ತಾ ಇದ್ದಾರೆ ಎಂದು. ಅದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ ಹೇಳಿದಳು. "ದೂರಂ ಕದಾ ಸಾರ್, ಅಂದುಕೇ ಲೇಟು." ದೂರ ಅಲ್ಲವಾ, ಅದಕ್ಕೇ ತಡ ಎಂದು.

ಅಕ್ಕ ಅವಳ ಕಡೆ ತಿರುಗಿದರು. "ಇನ್ ಇಂಗ್ಲಿಷ್" ಎಂದರು.

"ದೇ ಈಸ್ ಕಮಿಂಗ್, ಟೀಚರ್."

"ದೇ ಆರ್."

"ದೇ ಆರ್ ಕಮಿಂಗ್."

"ಆಲ್ ಆಫ್ ಯು."

ಇಡೀ ತರಗತಿ ಕೂಗಿತು, "ದೇ ಆರ್ ಕಮಿಂಗ್." ವರಾಂಡದ ಇಬ್ಬರೂ ಒಳಗೆ ಇಣುಕಿ ನೋಡಿ ಅವರೂ ಕೂಗಿದರು. ಅಕ್ಕ ಇನ್ನೊಮ್ಮೆ ಎಂದರು, ಮತ್ತೊಮ್ಮೆ ಎಂದರು. ಡೆಸ್ಕಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದ ಮೇಷ್ಟ್ರ ತುಟಿ ಮೊದಲು ಸುಮ್ಮನೆ ಅಲುಗಿತು, ಆಮೇಲೆ ಅವರ ದಪ್ಪ ದನಿ ಮಕ್ಕಳ ದನಿಯ ಜೊತೆಗೆ ಸೇರಿಕೊಂಡಿತು. ಅಕ್ಕ ನಮಗೆ ಬೆನ್ನು ಮಾಡಿ ಬೋರ್ಡಿನ ಕಡೆಗೆ ತಿರುಗಿ ನಿಂತರು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಡಸ್ಟರ್ ಹಿಡಿದು ತುಂಬ ಹೊತ್ತು ಅದನ್ನು ಒರೆಸುತ್ತಲೇ ಇದ್ದರು.